ಹೊಲಕ್ಕೆ ಸರಪಳಿ, ಮನೆಗೆ ಬಾಯಿಮಾತು

ಹಳೆ ಮನೆ ಕೊಳ್ಳಲು ಹೋದವರು ಮೊದಲು ಏನು ನೋಡುತ್ತಾರೆ? ಬಾಗಿಲು ಯಾವ ದಿಕ್ಕಿಗಿದೆ, ನೀರಿನ ಅನುಕೂಲ ಹೇಗಿದೆ, ತೊಲೆಗೆ ಗೆದ್ದಲು ಹತ್ತಿದೆಯೇ, ಖಾತೆ ಯಾರ ಹೆಸರಲ್ಲಿದೆ. ಇಷ್ಟು ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಟೇಪು ಹಿಡಿದು ಜಾಗ ಅಳೆಯುವ ಮಾತು ಬರುವುದು ಬಹಳಷ್ಟು ಸಲ ನೋಂದಣಿ ಮುಗಿದ ಮೇಲೆ, ಪಕ್ಕದ ಮನೆಯವರು ‘ಆ ಗೋಡೆ ನಮ್ಮದು’ ಅಂದ ದಿನ.

ಅದೇ ಜನ ಎರಡು ಎಕರೆ ಹೊಲ ಕೊಳ್ಳುವಾಗ ಹೀಗೆ ಮಾಡುವುದಿಲ್ಲ. ಪಹಣಿ ತೆಗೆಸುತ್ತಾರೆ, ಸರ್ವೆಯವರನ್ನು ಕರೆಸುತ್ತಾರೆ, ಬಾಂದುಗಲ್ಲು ಹುಡುಕುತ್ತಾರೆ.

ಹೊಲಕ್ಕೊಂದು ರೀತಿ, ಮನೆಗೊಂದು ರೀತಿ ಯಾಕೆ? ಜನರಿಗೆ ಎಚ್ಚರ ಸಾಲದು ಅಂತ ಹೇಳಿ ಮುಗಿಸಬಹುದು. ಆದರೆ ಭೂದಾಖಲೆಗಳ ಹಾದಿ ಹಿಡಿದು ಹಿಂದಕ್ಕೆ ಹೋದರೆ ಬೇರೆಯೇ ಉತ್ತರ ಸಿಗುತ್ತದೆ. ನಮ್ಮ ಹೊಲಗಳನ್ನು ಸರ್ಕಾರ ನೂರೈವತ್ತು ವರ್ಷಕ್ಕೂ ಹಿಂದೆಯೇ ಒಂದೊಂದಾಗಿ ಅಳೆಯಿತು. ಮನೆಗಳನ್ನು ಹಾಗೆ ಅಳೆಯಲೇ ಇಲ್ಲ. ಆ ಕೊರತೆಯ ಭಾರ ಇವತ್ತಿಗೂ ಮನೆ ಕೊಳ್ಳುವವನ ತಲೆ ಮೇಲೆಯೇ ಇದೆ. ಆ ಕಥೆಯನ್ನೇ ನಾವು ಇಲ್ಲಿ ಹೇಳಹೊರಟಿದ್ದೇವೆ.

ಶಾಸನದ ಕಾಲದ ನಾಲ್ಕು ದಿಕ್ಕು

ನಿಮ್ಮ ಮನೆಯ ಕ್ರಯಪತ್ರ ತೆಗೆದು ಕೊನೆಯ ಪುಟ ನೋಡಿ. ‘ಚೆಕ್ಕುಬಂದಿ’ ಅಂತ ಇರುತ್ತದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಹಿತ್ತಲು, ದಕ್ಷಿಣಕ್ಕೆ ಗಲ್ಲಿ. ಹೀಗೆ ನಾಲ್ಕು ದಿಕ್ಕು ಹೇಳಿ ಆಸ್ತಿ ಗುರುತಿಸುವ ಪದ್ಧತಿ ಬ್ರಿಟಿಷರು ತಂದದ್ದಲ್ಲ. ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳಲ್ಲೇ ಇದೆ. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ಹೇಳಿ, ಅಲ್ಲಿರುವ ಹುತ್ತ, ಮರ, ಹಳ್ಳ, ಕಲ್ಲುಗಳನ್ನು ಗುರುತಾಗಿ ಕೊಡುತ್ತಿದ್ದರು.

ಎಲ್ಲೆಗೆ ಕಲ್ಲೂ ನೆಡುತ್ತಿದ್ದರು. ಶಿವಾಲಯದ ಭೂಮಿಗೆ ಲಿಂಗಮುದ್ರೆ ಕಲ್ಲು, ವೈಷ್ಣವರಿಗೆ ಬಿಟ್ಟ ಭೂಮಿಗೆ ವಾಮನಮುದ್ರೆ ಕಲ್ಲು, ಜೈನ ಬಸದಿಯ ಭೂಮಿಗೆ ಮುಕ್ಕೊಡೆ ಕಲ್ಲು. ಇಂಥ ಕಲ್ಲುಗಳು ಈಗಲೂ ಎಷ್ಟೋ ಊರುಗಳ ಬದುವಿನಲ್ಲಿ ನಿಂತಿವೆ. ಕೊಟ್ಟ ಭೂಮಿ ಕಸಿದವರಿಗೆ ಶಾಸನದ ಕೊನೆಯಲ್ಲಿ ಶಾಪವೂ ಇರುತ್ತಿತ್ತು. ಭೂಮಿಯ ಜಗಳ ಆಗಲೂ ಇತ್ತು ಅನ್ನುವುದಕ್ಕೆ ಆ ಶಾಪವೇ ಸಾಕ್ಷಿ.

ಅಳತೆಯೂ ಇತ್ತು. ಮತ್ತರು, ಕಮ್ಮ ಎಂಬ ಲೆಕ್ಕ. ಅಳೆಯಲು ಗಳೆ, ಕೋಲು. ತೊಂದರೆ ಏನೆಂದರೆ ಒಂದು ಸೀಮೆಯ ಕೋಲು ಇನ್ನೊಂದು ಸೀಮೆಯ ಕೋಲಿಗೆ ಸಮ ಇರಲಿಲ್ಲ. ಹಾಗಾಗಿ ಉದ್ದಗಲಕ್ಕಿಂತ ಎಲ್ಲೆಯ ಗುರುತೇ ಹೆಚ್ಚು ನಂಬಿಕೆಗೆ ಯೋಗ್ಯವಾಗಿತ್ತು. ಆ ನಂಬಿಕೆ ನಮ್ಮ ಕ್ರಯಪತ್ರಗಳಲ್ಲಿ ಹಾಗೇ ಉಳಿದುಕೊಂಡು ಬಂದಿದೆ.

33 ಅಡಿ ಸರಪಳಿ ಬಂತು

ತುಂಗಭದ್ರೆಯ ದಂಡೆಯಲ್ಲಿ ನಿಂತರೆ ಈ ಇತಿಹಾಸ ಚೆನ್ನಾಗಿ ಅರ್ಥವಾಗುತ್ತದೆ. ಈ ಕಡೆ ಹರಿಹರ ಮೈಸೂರು ಸಂಸ್ಥಾನದಲ್ಲಿತ್ತು. ಹೊಳೆ ದಾಟಿದರೆ ರಾಣೆಬೆನ್ನೂರು, ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಇತ್ತ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಒಂದು ದಿನದ ಎತ್ತಿನಗಾಡಿ ಪ್ರಯಾಣದಷ್ಟು ದೂರದಲ್ಲಿ ಮೂರು ಸರ್ಕಾರ, ಮೂರು ಕಂದಾಯ ಕಚೇರಿ.

ಬಳ್ಳಾರಿ ಸೀಮೆಯಲ್ಲಿ ಥಾಮಸ್ ಮನ್ರೋ 1800ರಿಂದ 1807ರವರೆಗೆ ಕಲೆಕ್ಟರ್ ಆಗಿದ್ದಾಗಲೇ ಹೊಲ ಹೊಲ ಅಳೆಸಿ, ನೇರವಾಗಿ ರೈತನ ಮೇಲೆ ಕಂದಾಯ ಕಟ್ಟುವ ರೈತವಾರಿ ಪದ್ಧತಿಗೆ ಅಡಿಪಾಯ ಹಾಕಿದ. ಮುಂಬಯಿ ಪ್ರಾಂತ್ಯದಲ್ಲಿ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದಲ್ಲಿ ಮಾಡಿಸಿದ ಮೋಜಣಿ ಕೈಕೊಟ್ಟಿತು. ಅದರ ಮೇಲೆ ಕಟ್ಟಿದ ಕಂದಾಯ ತೆರಲಾರದೆ ರೈತರು ಹೊಲ ಬಿಟ್ಟು ಹೋದರು. ಆಮೇಲೆ 1835ರಲ್ಲಿ ಪುಣೆ ಹತ್ತಿರದ ಇಂದಾಪುರ ತಾಲ್ಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು ಹೊಸದಾಗಿ ಅಳತೆ ಶುರುಮಾಡಿದರು. 1840ರ ದಶಕದಲ್ಲಿ ಅದು ಧಾರವಾಡ, ಬೆಳಗಾವಿ ಕಡೆಗೂ ಬಂತು. 1847ರಲ್ಲಿ ಡೇವಿಡ್‌ಸನ್ ಜೊತೆ ಸೇರಿ ಅವರು ಕೊಟ್ಟ ಜಂಟಿ ವರದಿಯೇ ಮುಂದೆ ಈ ಪದ್ಧತಿಗೆ ಕೈಪಿಡಿಯಾಯಿತು. ಮೈಸೂರಿನಲ್ಲಿ ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಇದೇ ಮುಂಬಯಿ ಮಾದರಿಯಲ್ಲಿ ಸರ್ವೆ ಇಲಾಖೆ ಕೆಲಸ ಆರಂಭಿಸಿತು.

ಹೀಗಾಗಿ ಹೊಳೆಯ ಎರಡೂ ದಂಡೆಗೆ ಒಂದೇ ಸರಪಳಿ ಬಂತು. ಅದರ ಉದ್ದ 33 ಅಡಿ. ಅದನ್ನು 16 ಭಾಗ ಮಾಡಿ ಒಂದೊಂದು ಭಾಗಕ್ಕೆ ಆಣೆ ಎಂದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಅಂದರೆ 33 ಗುಣಿಸು 33, ಒಟ್ಟು 1,089 ಚದರ ಅಡಿ. ಇಂಥ 40 ಗುಂಟೆ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ನಾವು ದಿನಾ ಬಾಯಲ್ಲಿ ಆಡುವ ಗುಂಟೆಯ ಲೆಕ್ಕದ ಹಿಂದೆ ಇರುವುದು ಆ ಕಬ್ಬಿಣದ ಸರಪಳಿ. ಮದ್ರಾಸ್ ಕಡೆ ಎಕರೆಯನ್ನು ನೂರು ಭಾಗ ಮಾಡಿ ಸೆಂಟ್ಸ್ ಎಂದರು. ಬಳ್ಳಾರಿ, ಮಂಗಳೂರು ಕಡೆ ಜನ ಈಗಲೂ ಸೆಂಟ್ಸ್ ಅನ್ನುವುದು ಅದಕ್ಕೇ.

ಅಳೆಯುವ ಕ್ರಮ ಸರಳ. ಹೊಲದ ನಡುವೆ ಒಂದು ಉದ್ದ ಗೆರೆ ಹಿಡಿದು, ಕ್ರಾಸ್‌ಸ್ಟಾಫ್ ಎಂಬ ಕೋಲಿನಿಂದ ಲಂಬಕೋನ ನೋಡಿ, ಎರಡೂ ಬದಿಯ ಮೂಲೆಗಳಿಗೆ ಸರಪಳಿ ಎಳೆಯುತ್ತಿದ್ದರು. ಸಿಕ್ಕ ಅಳತೆಗಳನ್ನು ಒಂದು ಹಾಳೆಯಲ್ಲಿ ಕೈಗೆರೆ ಎಳೆದು ಬರೆದುಕೊಳ್ಳುತ್ತಿದ್ದರು. ಅದೇ ಟಿಪ್ಪಣಿ. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರ್. ಆ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯ ಬರೆದ ಪುಸ್ತಕ ಆಕಾರ್‌ಬಂದ್. ಇಲ್ಲಿ ‘ಆಕಾರ’ ಅಂದರೆ ರೂಪ ಅಲ್ಲ, ಕಂದಾಯ. ಸರ್ಕಾರ ಅಳೆದದ್ದು ಯಾಕೆ ಅನ್ನುವುದು ಆ ಪುಸ್ತಕದ ಹೆಸರಿನಲ್ಲೇ ಇದೆ.

ಊರೊಳಗೆ ಸರಪಳಿ ಬರಲಿಲ್ಲ

ಕಂದಾಯಕ್ಕಾಗಿ ಅಳೆಯುವವರಿಗೆ ಕಂದಾಯ ಕೊಡದ ಜಾಗ ಯಾಕೆ ಬೇಕು? ಊರಿನ ಸುತ್ತ ಒಂದು ಗೆರೆ ಎಳೆದು ಅದರೊಳಗಿನದಕ್ಕೆಲ್ಲ ಒಂದೇ ಹೆಸರು ಕೊಟ್ಟರು. ನಾವು ಗ್ರಾಮಠಾಣಾ ಅನ್ನುತ್ತೇವೆ, ಹೊಳೆಯಾಚೆ ಗಾಂವಠಾಣ, ಮದ್ರಾಸ್ ದಾಖಲೆಗಳಲ್ಲಿ ನತ್ತಂ. ಗ್ರಾಮನಕ್ಷೆ ತೆಗೆದು ನೋಡಿ. ಹೊಲಗಳಿಗೆಲ್ಲ ನಂಬರು, ಹಳ್ಳಕ್ಕೆ ಗೆರೆ, ದಾರಿಗೆ ಚುಕ್ಕೆಗೆರೆ. ನಡುವೆ ಊರು ಮಾತ್ರ ಒಂದು ತುಂಡು ಜಾಗ. ಅದರೊಳಗೆ ಯಾರ ಮನೆ ಎಲ್ಲಿಂದ ಎಲ್ಲಿಗೆ ಎಂದು ಆ ನಕ್ಷೆ ಹೇಳುವುದಿಲ್ಲ.

ದೊಡ್ಡ ಊರುಗಳ ಕಥೆ ಸ್ವಲ್ಪ ಬೇರೆ. ಹುಬ್ಬಳ್ಳಿ, ಬೆಳಗಾವಿಯಂಥ ನಗರಗಳಲ್ಲಿ ನಗರ ಮೋಜಣಿ ನಡೆದು ಮನೆಗಳಿಗೆ ಸಿಟಿಎಸ್ ನಂಬರ್ ಬಂತು. ಅಲ್ಲಿ ಮನೆ ಕೊಳ್ಳುವವರು ಈಗಲೂ ಮೊದಲು ಕೇಳುವುದು ಆ ನಂಬರನ್ನೇ. ಹಳ್ಳಿಗೆ ಆ ಭಾಗ್ಯ ಬರಲಿಲ್ಲ.

ಇನ್ನೊಂದು ಮಾತು. ಹೊಲದ ಅಳತೆಯಲ್ಲಿ ಒಂದು ಆಣೆ ಹೆಚ್ಚುಕಡಿಮೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗುಂಟೆಯ ಹದಿನಾರನೇ ಒಂದು ಭಾಗ, ಅಂದರೆ ಸುಮಾರು 68 ಚದರ ಅಡಿ. ಹೊಲದಲ್ಲಿ ಅದು ಬದುವಿನ ಅಂಚು. ಊರೊಳಗೆ 68 ಚದರ ಅಡಿ ಅಂದರೆ ಒಂದು ಅಡುಗೆಕೋಣೆ. ಹೊಲಕ್ಕೆ ಸಾಕಾಗುವ ಅಳತೆ ಮನೆಗೆ ಸಾಲುವುದಿಲ್ಲ. ಆದರೆ ನಮ್ಮಲ್ಲಿ ಆದದ್ದು ಉಲ್ಟಾ. ಹೆಚ್ಚು ನಿಖರವಾಗಿ ಅಳೆಯಬೇಕಾದ್ದನ್ನೇ ಅಳೆಯದೆ ಬಿಟ್ಟರು.

ಅಂಕಣದ ಲೆಕ್ಕ

ಸರ್ಕಾರ ಅಳೆಯದಿದ್ದರೂ ಜನ ತಮ್ಮದೇ ಲೆಕ್ಕ ಇಟ್ಟುಕೊಂಡಿದ್ದರು. ಮನೆ ಎಷ್ಟು ದೊಡ್ಡದು ಅಂದರೆ ‘ಐದು ಅಂಕಣದ ಮನೆ’, ‘ಏಳು ಅಂಕಣದ ಮನೆ’ ಅನ್ನುತ್ತಿದ್ದರು. ಎರಡು ಕಂಬದ ಸಾಲಿನ ನಡುವಿನ ಜಾಗವೇ ಅಂಕಣ. ಬೆಳಗಾವಿ ಕಡೆ ಖಣ ಅನ್ನುವುದೂ ಉಂಟು. ಹಿತ್ತಲಿಗೆ ಮೊಳ, ಮಾರು, ಗಜ.

ಅಂಕಣ ಎಷ್ಟು ಅಗಲ? ತೊಲೆ ಎಷ್ಟು ಉದ್ದ ಸಿಕ್ಕಿತೋ ಅಷ್ಟು. ಮೊಳ ಎಷ್ಟು? ಅಳೆದವನ ಕೈ ಎಷ್ಟು ಉದ್ದವೋ ಅಷ್ಟು. ಮನೆ ಕಟ್ಟುವಾಗ ಈ ಲೆಕ್ಕ ಸರಿಯಾಗೇ ಇರುತ್ತದೆ. ಮಾರುವಾಗ ಕೈಕೊಡುತ್ತದೆ. ಹಳೆ ಪತ್ರದಲ್ಲಿ ‘ಐದಂಕಣದ ಮನೆ, ಹಿಂದೆ ಹಿತ್ತಲು’ ಎಂದಿದ್ದದ್ದನ್ನು ಮುಂದಿನ ಪತ್ರ ಬರೆಯುವವರು ಅಡಿಗೆ ಬದಲಿಸುವಾಗ ಅಂದಾಜಿನ ಮೇಲೆ ‘30 ಗುಣಿಸು 40’ ಎಂದು ಬರೆದುಬಿಟ್ಟರೆ, ಆ ಅಂದಾಜೇ ಮುಂದಿನ ಎಲ್ಲ ಪತ್ರಗಳಿಗೆ ಅಳತೆಯಾಗುತ್ತದೆ. ಒಬ್ಬರೂ ಟೇಪು ಹಿಡಿದಿರುವುದಿಲ್ಲ.

ಗೋಡೆಯ ದಪ್ಪವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಳೆ ಮಣ್ಣಿನ ಗೋಡೆ, ಕಲ್ಲಿನ ಗೋಡೆ ಎರಡು ಅಡಿ ದಪ್ಪ ಇರುವುದು ಸಾಮಾನ್ಯ. ಹೊರಗಿನಿಂದ 30 ಗುಣಿಸು 40 ಇದ್ದರೆ 1,200 ಚದರ ಅಡಿ. ಒಳಗಿನಿಂದ ಅಳೆದರೆ 26 ಗುಣಿಸು 36, ಅಂದರೆ 936. ಪತ್ರದಲ್ಲಿರುವುದು ಯಾವ ಅಳತೆ? 264 ಚದರ ಅಡಿಯ ವ್ಯತ್ಯಾಸ ಬರೀ ಗೋಡೆಯಲ್ಲೇ ಇದೆ. ಆ ಗೋಡೆ ಜಂಟಿ ಗೋಡೆಯಾಗಿದ್ದರೆ ಅರ್ಧ ಪಕ್ಕದ ಮನೆಯವರದು.

ನೆನಪಿಟ್ಟುಕೊಂಡವರು

ಹಾಗಾದರೆ ಇಷ್ಟು ವರ್ಷ ಊರು ನಡೆದದ್ದು ಹೇಗೆ? ನೆನಪಿನ ಮೇಲೆ. ಮೈಸೂರು ಸೀಮೆಯಲ್ಲಿ ಶಾನುಭೋಗರು, ಮುಂಬಯಿ ಕಡೆ ಕುಲಕರ್ಣಿಯವರು, ಮದ್ರಾಸ್ ಕಡೆ ಕರಣಂ. ಜೊತೆಗೆ ಗೌಡರು ಅಥವಾ ಪಟೇಲರು. ಎಲ್ಲೆಕಲ್ಲು ಎಲ್ಲಿದೆ ಎಂದು ತೋರಿಸಲು ತಳವಾರ, ತೋಟಿ. ಯಾರ ಅಜ್ಜ ಯಾರಿಗೆ ಎಷ್ಟು ಜಾಗ ಬಿಟ್ಟುಕೊಟ್ಟ, ಯಾವ ಗೋಡೆ ಯಾರ ಖರ್ಚಿನಲ್ಲಿ ಎದ್ದಿತು, ಯಾರ ಸೂರಿನ ನೀರು ಎಲ್ಲಿ ಬೀಳಬೇಕು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಜಗಳ ಬಂದರೆ ಕಟ್ಟೆಯ ಮೇಲೆ ಕೂತು ತೀರ್ಮಾನ.

ಈ ವ್ಯವಸ್ಥೆಯಲ್ಲಿ ಎಲ್ಲರಿಗೂ ನ್ಯಾಯ ಸಿಗುತ್ತಿತ್ತು ಎಂದು ನಾವು ಹೇಳುವುದಿಲ್ಲ. ಕಟ್ಟೆಯ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಲ್ಲಬೇಕು ಎಂಬುದು ಜಾತಿಯ ಮೇಲೆ ನಿಂತಿತ್ತು. ಕೆಳಗೆ ನಿಂತವರ ಹಿತ್ತಲು ಕಿರಿದಾದ ಕಥೆಗಳು ಎಲ್ಲ ಊರಲ್ಲೂ ಇವೆ. ವಂಶಪಾರಂಪರ್ಯದ ಈ ಗ್ರಾಮ ಹುದ್ದೆಗಳು 1961ರ ಕಾಯ್ದೆಯ ಮೂಲಕ 1963ರಲ್ಲಿ ರದ್ದಾದವು. ಗ್ರಾಮ ಲೆಕ್ಕಿಗರು ಬಂದರು, ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತೇವೆ. ಬೇಕಾಗಿದ್ದ ಬದಲಾವಣೆಯೇ ಅದು. ಆದರೆ ಹೊಲದ ಲೆಕ್ಕ ಪುಸ್ತಕದಲ್ಲಿದ್ದುದರಿಂದ ಕೈ ಬದಲಾಯಿತು. ಮನೆಯ ಲೆಕ್ಕ ತಲೆಯಲ್ಲಿದ್ದುದರಿಂದ ಆ ತಲೆಮಾರಿನ ಜೊತೆಗೇ ಹೋಯಿತು.

ನೋಂದಣಿ ಆದರೆ ಎಲ್ಲ ಸರಿಯೇ?

‘ರಿಜಿಸ್ಟರ್ ಆಗಿದೆ, ಇನ್ನೇನು ಭಯ?’ ಎಂಬ ಮಾತು ನಾವು ಎಲ್ಲ ಕಡೆ ಕೇಳುತ್ತೇವೆ. ಇಲ್ಲೂ ಇತಿಹಾಸ ನೋಡಬೇಕು.

ಈಗ ಜಾರಿಯಲ್ಲಿರುವ ನೋಂದಣಿ ಕಾಯ್ದೆ 1908ರದ್ದು. ಆಸ್ತಿಯನ್ನು ಪತ್ರದಲ್ಲಿ ಹೇಗೆ ವರ್ಣಿಸಬೇಕು ಎಂದು ಅದರ 21ನೇ ಕಲಂ ಹೇಳುತ್ತದೆ. ಯಾವ ಊರು, ವಿಸ್ತೀರ್ಣ ಎಷ್ಟು, ಸುತ್ತ ಯಾವ ರಸ್ತೆ, ಯಾರ ಆಸ್ತಿ, ಈಗ ಯಾರು ವಾಸವಿದ್ದಾರೆ ಎಂಬುದೆಲ್ಲ ಇರಬೇಕು. ಸಾಧ್ಯವಾದ ಕಡೆ ಸರ್ಕಾರಿ ನಕ್ಷೆ ಅಥವಾ ಸರ್ವೆಯ ಉಲ್ಲೇಖವೂ ಇರಬೇಕು. ಈ ‘ಸಾಧ್ಯವಾದ ಕಡೆ’ ಎಂಬ ಮಾತಿನಲ್ಲೇ ನಮ್ಮ ಹಳ್ಳಿ ಮನೆಗಳು ಹೊರಗುಳಿದವು. ಮನೆಗಳ ಸರ್ಕಾರಿ ನಕ್ಷೆಯೇ ಇರಲಿಲ್ಲವಲ್ಲ.

ಉಪನೋಂದಣಿ ಕಚೇರಿಯವರು ಪತ್ರ ನೋಂದಾಯಿಸುತ್ತಾರೆ. ನಿಮ್ಮ ಮನೆಗೆ ಬಂದು ಜಾಗ ಅಳೆಯುವುದು ಅವರ ಕೆಲಸವಲ್ಲ. ಪತ್ರದಲ್ಲಿ 40 ಅಡಿ ಎಂದಿದ್ದು ನೆಲದ ಮೇಲೆ 37 ಅಡಿ ಇದ್ದರೂ ನೋಂದಣಿ ಆಗುತ್ತದೆ. ಪತ್ರದ ಅಳತೆಗೂ ಚೆಕ್ಕುಬಂದಿಗೂ ಹೊಂದಾಣಿಕೆ ಆಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಗೆ ಹೆಚ್ಚು ತೂಕ ಕೊಡುತ್ತವೆ. ಶಾಸನದ ಕಾಲದ ನಂಬಿಕೆ ಇಲ್ಲೂ ಮುಂದುವರಿದಿದೆ. ಅಂದರೆ ಪತ್ರದಲ್ಲಿ ಹೆಚ್ಚು ಬರೆಸಿಕೊಂಡ ಮಾತ್ರಕ್ಕೆ ಪಕ್ಕದವರ ಜಾಗ ನಿಮ್ಮದಾಗುವುದಿಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಕೊಳ್ಳುವವನ ಮೇಲೆ ಹೊಣೆ ಹಾಕಿದೆ. ಮಾರುವವನು ತನಗೆ ಗೊತ್ತಿರುವ ಮುಖ್ಯ ದೋಷವನ್ನು ಹೇಳಲೇಬೇಕು, ನಿಜ. ಆದರೆ ಯಾವ ದೋಷ? ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಣ್ಣಿಗೆ ಬೀಳದಂಥದ್ದು. ಟೇಪು ಹಿಡಿದರೆ ಗೊತ್ತಾಗುವ ಕೊರತೆಯನ್ನು ‘ಅವರು ಹೇಳಲಿಲ್ಲ’ ಎಂದು ಆಮೇಲೆ ದೂರುವುದು ಕಷ್ಟ. ಮನೆಯಲ್ಲಿ ಬೇರೆಯವರು ವಾಸವಿದ್ದರೆ ಅವರಿಗೆ ಇರಬಹುದಾದ ಹಕ್ಕು ಕೊಳ್ಳುವವನಿಗೆ ಗೊತ್ತಿತ್ತು ಎಂದೇ ಕಾನೂನು ಭಾವಿಸುತ್ತದೆ.

ಕಂಪ್ಯೂಟರ್ ಬಂತು, ಡ್ರೋನ್ ಬಂತು

ಏಕೀಕರಣದ ನಂತರ ಬೇರೆ ಬೇರೆ ಪ್ರಾಂತ್ಯಗಳ ಕಂದಾಯ ಕಾನೂನುಗಳನ್ನು ಒಂದುಮಾಡಿ 1964ರಲ್ಲಿ ಕರ್ನಾಟಕ ಭೂಕಂದಾಯ ಕಾಯ್ದೆ ಬಂತು. 2000ದ ಸುಮಾರಿಗೆ ಬಂದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಇದರಲ್ಲೂ ಮೊದಲ ಸರದಿ ಹೊಲದ್ದೇ.

ಹಳ್ಳಿ ಮನೆಗಳ ಸರದಿ ಬಂದದ್ದು ಸುಮಾರು 2013ರಲ್ಲಿ, ಇ-ಸ್ವತ್ತು ಮೂಲಕ. ಗ್ರಾಮ ಪಂಚಾಯಿತಿಯ ಕೈಬರಹದ ಖಾತೆಯ ಬದಲು ನಮೂನೆ 9, ನಮೂನೆ 11 ಬಂದವು. ಇದರಿಂದ ಒಂದೇ ಮನೆಯನ್ನು ಇಬ್ಬರಿಗೆ ಮಾರುವಂಥ ಮೋಸ ಕಷ್ಟವಾಯಿತು. ಆದರೂ ಖಾತೆ ಎಂದರೆ ಮೂಲದಲ್ಲಿ ತೆರಿಗೆಯ ದಾಖಲೆ. ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ. ಅದರಲ್ಲಿರುವ ಅಳತೆ ಹಳೆ ಪತ್ರದಿಂದ ಎತ್ತಿ ಬರೆದದ್ದಾದರೆ ಹಳೆ ಅಂದಾಜು ಹೊಸ ಕಾಗದಕ್ಕೆ ಬಂದಿದೆ ಅಷ್ಟೇ.

ಊರೊಳಗೆ ನಿಜವಾದ ಅಳತೆ ಕಾಲಿಟ್ಟದ್ದು ಸ್ವಾಮಿತ್ವ ಯೋಜನೆಯಲ್ಲಿ. 2020ರ ಏಪ್ರಿಲ್ 24ರಂದು ಇದು ಶುರುವಾಯಿತು. 1767ರಲ್ಲಿ ಹುಟ್ಟಿದ ಸರ್ವೆ ಆಫ್ ಇಂಡಿಯಾ ಮತ್ತು ರಾಜ್ಯದ ಇಲಾಖೆಗಳು ಸೇರಿ ಮಾಡುವ ಕೆಲಸ. ಮೊದಲು ಪ್ರತಿ ಮನೆ, ಹಿತ್ತಲಿನ ಸುತ್ತ ಸುಣ್ಣದ ಗೆರೆ ಹಾಕುತ್ತಾರೆ. ಆಮೇಲೆ ಡ್ರೋನ್ ಹಾರಿಸಿ ಚಿತ್ರ ತೆಗೆದು ನಕ್ಷೆ ಮಾಡುತ್ತಾರೆ. ತಕರಾರು ಕೇಳಿ, ಕೊನೆಗೆ ಆಸ್ತಿ ಕಾರ್ಡು. 2020ರ ಅಕ್ಟೋಬರ್ 11ರಂದು ಆರು ರಾಜ್ಯಗಳ 763 ಹಳ್ಳಿಗಳಲ್ಲಿ ಕಾರ್ಡು ವಿತರಣೆ ಆರಂಭವಾದಾಗ ಅದರಲ್ಲಿ ಕರ್ನಾಟಕದ 2 ಹಳ್ಳಿಗಳಿದ್ದವು.

ಇಲ್ಲಿ ಒಂದು ವಿಷಯ ನೆನಪಿರಲಿ. ಡ್ರೋನ್ ನೋಡುವುದು ಸುಣ್ಣದ ಗೆರೆಯನ್ನು. ಗೆರೆ ಎಲ್ಲಿ ಬಿತ್ತೋ ಅಲ್ಲೇ ಎಲ್ಲೆ. ಗೆರೆ ಹಾಕುವ ದಿನ ಮನೆಯವರು ಬೆಂಗಳೂರಿನಲ್ಲಿದ್ದರೆ, ಪಕ್ಕದವರು ತೋರಿಸಿದ್ದೇ ಗೆರೆಯಾಗಬಹುದು. ನಿಮ್ಮ ಊರಲ್ಲಿ ಅಳತೆ ಇನ್ನೂ ಆಗಬೇಕಿದ್ದರೆ ಆ ದಿನ ಸ್ಥಳದಲ್ಲಿರಿ.

ಮುಂಗಡ ಕೊಡುವ ಮುನ್ನ

ಈ ಇತಿಹಾಸದಿಂದ ಇವತ್ತಿನ ಕೊಳ್ಳುವವನಿಗೆ ಏನು ಉಪಯೋಗ? ಯಾವ ಕಾಗದ ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂದು ಗೊತ್ತಾಗುತ್ತದೆ. ಆ ಪ್ರಕಾರ ಕೆಲವು ಮಾತು.

ಮೊದಲು ಮನೆ ಯಾವ ಜಾಗದಲ್ಲಿದೆ ಎಂದು ತಿಳಿಯಿರಿ. ಹಳೆ ಗ್ರಾಮಠಾಣಾದ ಒಳಗೋ, ಸರ್ವೆ ನಂಬರಿನ ಹೊಲದಲ್ಲೋ? ಹೊಲದಲ್ಲಿ ಕಟ್ಟಿದ್ದರೆ ಭೂಪರಿವರ್ತನೆ ಆದೇಶ ಕೇಳಿ. ಪಹಣಿ, ಆಕಾರ್‌ಬಂದ್, ಟಿಪ್ಪಣಿ ಮೂರರಲ್ಲೂ ವಿಸ್ತೀರ್ಣ ಒಂದೇ ಇದೆಯೇ ನೋಡಿ. ಗ್ರಾಮನಕ್ಷೆಯಲ್ಲಿ ಹಳ್ಳ, ಬಂಡಿದಾರಿ ಆ ಜಾಗದ ಮೇಲೆ ಹಾದಿದೆಯೇ ನೋಡಿ. ಸಾರ್ವಜನಿಕ ಬಳಕೆಯ ಖರಾಬಿನ ಮೇಲೆ ಮನೆ ಎಷ್ಟೇ ಚೆನ್ನಾಗಿ ಎದ್ದಿದ್ದರೂ ಜಾಗ ಮಾರಿದವರದಾಗಿರುವುದಿಲ್ಲ. ಸಂಶಯ ಬಂದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಅರ್ಜಿ ಹಾಕಬೇಕಾದವರು ಈಗಿನ ಹಕ್ಕುದಾರರು. ‘ಅದೆಲ್ಲ ಯಾಕೆ’ ಎಂದು ಮಾರುವವರು ಜಾರಿಕೊಂಡರೆ ನೀವೂ ನಿಧಾನಿಸಿ.

ಗ್ರಾಮಠಾಣಾದ ಒಳಗಿನ ಮನೆಯಾದರೆ ಟಿಪ್ಪಣಿ ಹುಡುಕಿ ಪ್ರಯೋಜನವಿಲ್ಲ. ಸ್ವಾಮಿತ್ವ ಕಾರ್ಡು ಆಗಿದೆಯೇ ಕೇಳಿ. ಆಗಿದ್ದರೆ ಅದರ ಅಳತೆಯನ್ನು ಪತ್ರದ ಜೊತೆ, ನಮೂನೆ 9ರ ಜೊತೆ ಹೊಂದಿಸಿ ನೋಡಿ. ಆಗಿಲ್ಲದಿದ್ದರೆ ತಿಳಿದ ಭೂಮಾಪಕರನ್ನು ಕರೆದು ಅಳೆಸಿ, ಚಿಕ್ಕ ನಕ್ಷೆ ಬರೆಸಿ.

ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಿರಿ. 30 ಗುಣಿಸು 40ರ ಜಾಗ ಸರಿಯಾದ ಚೌಕಟ್ಟಿನಲ್ಲಿದ್ದರೆ ಎರಡೂ ಮೂಲೆಗೆರೆ 50 ಅಡಿ ಇರಬೇಕು. ಒಂದು 50ಕ್ಕಿಂತ ಹೆಚ್ಚು, ಇನ್ನೊಂದು ಕಡಿಮೆ ಬಂದರೆ ಜಾಗ ಓರೆಯಾಗಿದೆ, ವಿಸ್ತೀರ್ಣ 1,200 ಚದರ ಅಡಿಗೆ ಕಡಿಮೆಯಾಗಿದೆ. ಇದಕ್ಕೆ ದೊಡ್ಡ ವಿದ್ಯೆ ಬೇಡ, ಒಂದು ಟೇಪು ಮತ್ತು ಇಬ್ಬರು ಸಾಕು.

ಅಳೆಯುವಾಗ ನಾಲ್ಕೂ ಕಡೆಯ ಅಕ್ಕಪಕ್ಕದವರನ್ನು ಕರೆಯಿರಿ. ‘ಅಣ್ಣಾ, ಈ ಗೋಡೆ ಯಾರದು? ಅಕ್ಕಾ, ಈ ಸೂರಿನ ನೀರು ಮೊದಲಿಂದ ಇಲ್ಲೇ ಬೀಳುತ್ತಾ?’ ಎಂದು ಮನೆಯವರಂತೆ ಕೇಳಿ. ಜಗಳ ಇದ್ದರೆ ಆಗಲೇ ಹೊರಬರುತ್ತದೆ. ನಡೆಯುವ ದಾರಿ, ನೀರು ಹೋಗುವ ಕಾಲುವೆ 20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಂತೆ ಬಳಕೆಯಲ್ಲಿದ್ದರೆ ಅದು ಅವರ ಹಕ್ಕಾಗಬಹುದು. ಕೊಂಡ ಮೇಲೆ ಗೇಟು ಹಾಕಿ ತಡೆಯಲು ಆಗುವುದಿಲ್ಲ. ಎಲ್ಲರೂ ಒಪ್ಪಿದರೆ ನಕ್ಷೆಯ ಕೆಳಗೆ ಸಹಿ ಹಾಕಿಸಿಕೊಳ್ಳಿ. ಹಿಂದೆ ಶಾನುಭೋಗರ ತಲೆಯಲ್ಲಿದ್ದದ್ದು ಈಗ ಆ ಹಾಳೆಗೆ ಬರಬೇಕು.

ಋಣಭಾರ ಪತ್ರವನ್ನು, ಅಂದರೆ ಇಸಿಯನ್ನು, ಹಿಂದಿನ 30 ವರ್ಷಕ್ಕೆ ತೆಗೆಸಿ. ಆದರೆ ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಮ್ಮಂದಿರು ಮನೆಯೊಳಗೇ ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು, ವಾಟ್ನಿ ಅದರಲ್ಲಿ ಬರುವುದಿಲ್ಲ. ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಇದೆಯೇ ನೋಡಿ. ಮೂಲ ಪತ್ರದಿಂದ ಈಗಿನ ಪತ್ರದವರೆಗೆ ಅಳತೆ ಎಲ್ಲಿ ಬದಲಾಯಿತು ಎಂದು ಒಂದೊಂದಾಗಿ ಓದಿ. ಅಂಕಣ ಎಲ್ಲಿ ಅಡಿಯಾಯಿತು ಎಂಬುದು ಅಲ್ಲಿ ಸಿಗುತ್ತದೆ.

ಕಟ್ಟಡವನ್ನು ಅನುಭವಸ್ಥ ಮೇಸ್ತ್ರಿಗೆ ತೋರಿಸಿ. ಮಾರುವವರ ಪರಿಚಯದ ಮೇಸ್ತ್ರಿ ಬೇಡ. ತಳಪಾಯ, ಗೋಡೆ ಬಿರುಕು, ತೊಲೆ, ಮಳೆಗಾಲದ ತೇವ ನೋಡಲಿ. ಮಳೆಗಾಲದಲ್ಲೇ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು.

ಕೊನೆಗೆ ಕರಾರು ಪತ್ರ. ಬೆಲೆ ಅಳತೆಗೆ ತಕ್ಕಂತೆ ಎಂದು ಬರೆಸಿ. ಉದಾಹರಣೆಗೆ ಚದರ ಅಡಿಗೆ 1,000 ರೂ. ಮಾತಾದರೆ 1,200 ಚದರ ಅಡಿಗೆ 12 ಲಕ್ಷ. 40 ಅಡಿಯ ಬದಿ ನೆಲದ ಮೇಲೆ 37 ಅಡಿಯೇ ಇದ್ದರೆ 1,110 ಚದರ ಅಡಿ, 90,000 ರೂ. ಇಲ್ಲದ ನೆಲಕ್ಕೆ ಹೋದಂತೆ. ಮಗಳ ಮದುವೆಗೆ ಕೂಡಿಟ್ಟದ್ದೋ, ಸೊಸೈಟಿಯ ಸಾಲವೋ, ಆ ದುಡ್ಡು ಮತ್ತೆ ಬರುವುದಿಲ್ಲ. ಅಳೆದು ಮಾಡಿದ ನಕ್ಷೆಯನ್ನು ಕ್ರಯಪತ್ರಕ್ಕೆ ಲಗತ್ತಿಸಿ.

ನೂರೈವತ್ತು ವರ್ಷದ ಹಿಂದೆ ಸರಪಳಿ ಹಿಡಿದು ಬಂದವರು ಊರ ಬಾಗಿಲಿಗೆ ಬಂದು ತಿರುಗಿ ಹೋದರು. ಅವರಿಗೆ ಒಳಗೆ ಬರುವ ಅಗತ್ಯ ಇರಲಿಲ್ಲ. ಮನೆ ಕೊಳ್ಳುವವರಿಗೆ ಆ ಅಗತ್ಯ ಇದೆ. ಅಳೆಯೋಣ ಎಂದರೆ ಮಾರುವವರ ಮೇಲೆ ಅಪನಂಬಿಕೆ ತೋರಿಸಿದಂತೆ ಎಂದು ಸಂಕೋಚಪಡುವವರು ನಮ್ಮಲ್ಲಿ ಬಹಳ. ಹೊಲ ಅಳೆಸುವಾಗ ಯಾರೂ ಹಾಗೆ ಅಂದುಕೊಳ್ಳುವುದಿಲ್ಲವಲ್ಲ? ಅಳೆದು ಕೊಟ್ಟರೆ ಮಾರಿದವರಿಗೂ ನಾಳೆ ಕೋರ್ಟಿನ ಅಲೆದಾಟ ತಪ್ಪುತ್ತದೆ. ನಿಮ್ಮ ಮಕ್ಕಳು ಆ ಮನೆಯನ್ನು ಹಂಚಿಕೊಳ್ಳುವ ಅಥವಾ ಮಾರುವ ದಿನ, ಅವರ ಕೈಯಲ್ಲಿ ಅಡಿ ಲೆಕ್ಕದ ಒಂದು ನಕ್ಷೆಯಾದರೂ ಇರುತ್ತದೆ.